ಹೀಟರ್ ತಗೊಳ್ಳುವ ಮುಂಚೆ ಸೂರು ನೋಡಿ: ಮಲೆನಾಡಿನ ಮನೆ ಬೆಚ್ಚಗಿಡುವ ಲೆಕ್ಕ

ನಾನು ಸಾಗರದ ಕಡೆ ವೈರಿಂಗ್, ಪ್ಲಂಬಿಂಗ್ ಕೆಲಸ ಮಾಡುವವನು. ಮಳೆ ಹಿಡಿಯಿತು ಅಂದರೆ ಫೋನು ಶುರುವಾಗುತ್ತದೆ. "ಯಾವ ಹೀಟರ್ ತಗೊಳ್ಳೋದು ಒಳ್ಳೇದು ಮಾರಾಯ?" ನಾನು ತಿರುಗಿ ಕೇಳುವುದು ಒಂದೇ: ಬೆಚ್ಚಗೆ ಮಾಡಬೇಕಾಗಿರುವುದು ಏನನ್ನ? ಕೂತಿರುವ ಮನುಷ್ಯನನ್ನೋ, ಸ್ನಾನದ ನೀರನ್ನೋ, ಇಡೀ ಕೋಣೆಯನ್ನೋ, ಒಣಗದ ಬಟ್ಟೆಯನ್ನೋ? ಇವು ನಾಲ್ಕೂ ಬೇರೆ ಬೇರೆ ಕೆಲಸ. ಇದನ್ನ ಮೊದಲು ತೀರ್ಮಾನ ಮಾಡದೆ ಅಂಗಡಿಗೆ ಹೋದರೆ, ಅಂಗಡಿಯವರು ಯಾವುದು ಸ್ಟಾಕ್ ಇದೆಯೋ ಅದನ್ನ ಕೊಟ್ಟು ಕಳಿಸುತ್ತಾರೆ.

ನಮ್ಮ ಚಳಿಯ ಸ್ವಭಾವವನ್ನೂ ನೋಡಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ 12-14 ಡಿಗ್ರಿಗೆ ಇಳಿಯಬಹುದು. ಆದರೆ ಒಂಬತ್ತು ಗಂಟೆಗೆ ಬಿಸಿಲು ಬಂತು ಅಂದರೆ ಮುಗಿಯಿತು. ಜುಲೈ ತಿಂಗಳ ಕಥೆ ಬೇರೆ. ಥರ್ಮಾಮೀಟರ್ 21 ಡಿಗ್ರಿ ತೋರಿಸುತ್ತಿರುತ್ತದೆ, ಅದು ಚಳಿಯೇ ಅಲ್ಲ. ಆದರೂ ಹಾಸಿಗೆ ತಣ್ಣಗೆ, ದಿಂಬು ತಣ್ಣಗೆ, ಗೋಡೆಗೆ ಬೂಷ್ಟು, ಬೀರುವಿನಲ್ಲಿ ಬೆಲ್ಟಿಗೂ ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಲ್ಲಿಯ ಮನೆಯ ತೊಂದರೆಗೂ ಶಿವಮೊಗ್ಗ ಪೇಟೆಯ ಅಪಾರ್ಟ್‌ಮೆಂಟಿನ ತೊಂದರೆಗೂ ಒಂದೇ ಮದ್ದು ಆಗುವುದಿಲ್ಲ.

ಕರೆಂಟಿನ ಹೀಟರುಗಳೆಲ್ಲ ಒಂದೇ ಮನೆಯ ಮಕ್ಕಳು

ಮೊದಲು ಒಂದು ಲೆಕ್ಕ. ಇದು ಗೊತ್ತಿದ್ದರೆ ಅರ್ಧ ಜಾಹೀರಾತು ಓದುವುದೇ ಬೇಡ. 1 ಯೂನಿಟ್ ಕರೆಂಟು ಕಾಯಿಲ್‌ನಲ್ಲಿ ಉರಿದರೆ 860 ಕಿಲೋಕ್ಯಾಲರಿ ಶಾಖ ಬರುತ್ತದೆ. ರಾಡ್ ಹೀಟರ್ ಆಗಲಿ, ಫ್ಯಾನ್ ಇರುವ ಬ್ಲೋವರ್ ಆಗಲಿ, ಎಣ್ಣೆ ತುಂಬಿದ ರೇಡಿಯೇಟರ್ ಆಗಲಿ, ಎಲ್ಲ ಕಡೆ ಅಷ್ಟೇ. "ಈ ಮಾಡೆಲ್ ಕಮ್ಮಿ ಕರೆಂಟಲ್ಲಿ ಜಾಸ್ತಿ ಶಾಖ ಕೊಡುತ್ತೆ ಸಾರ್" ಅಂದರೆ ನಕ್ಕು ಸುಮ್ನಾಗಿ. ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರಬಹುದು, ಶಾಖದಲ್ಲಿ ಇಲ್ಲ. ವ್ಯತ್ಯಾಸ ಇರುವುದು ಆ ಶಾಖ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ.

ಎರಡನೆಯದು ವೋಲ್ಟೇಜು. ಡಬ್ಬದ ಮೇಲೆ 2,000 ವ್ಯಾಟ್ ಅಂತ ಬರೆದಿರುವುದು 230 ವೋಲ್ಟಿಗೆ. ಲೈನಿನ ತುದಿಯ ಮನೆಗಳಲ್ಲಿ ಸಂಜೆ ಏಳಕ್ಕೆ ಮೀಟರ್ ಹಿಡಿದರೆ 180 ತೋರಿಸುವುದು ಅಪರೂಪವೇನಲ್ಲ. ವೋಲ್ಟೇಜ್ ಎಷ್ಟು ಇಳಿಯುತ್ತದೋ ಶಾಖ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180 ವೋಲ್ಟಿನಲ್ಲಿ ಆ 2,000 ವ್ಯಾಟಿನ ಹೀಟರ್ ಕೊಡುವುದು 1,200 ಚಿಲ್ಲರೆ ಮಾತ್ರ. "ಹೀಟರ್ ಡೂಪ್ಲಿಕೇಟ್ ಕೊಟ್ಟಿದಾರೆ" ಅಂತ ಜಗಳಕ್ಕೆ ಹೊರಟವರನ್ನು ಎಷ್ಟೋ ಸಲ ತಡೆದಿದ್ದೇನೆ. ಶರಾವತಿಯ ನೀರಿನಿಂದ 1,035 ಮೆಗಾವ್ಯಾಟ್ ಹುಟ್ಟಿಸುವ ತಾಲ್ಲೂಕಿನಲ್ಲಿ ಕೂತು ಈ ಮಾತು ಹೇಳಬೇಕಲ್ಲ ಅಂತ ನಗು ಬರುತ್ತದೆ, ಬಿಡಿ.

ಮೂರನೆಯದು ಬಿಲ್ಲು. 2,000 ವ್ಯಾಟಿನ ಹೀಟರ್ ದಿನಕ್ಕೆ ನಾಲ್ಕು ಗಂಟೆ ಓಡಿದರೆ 8 ಯೂನಿಟ್. ತಿಂಗಳಿಗೆ 240. ಗೃಹಜ್ಯೋತಿಯಲ್ಲಿ ಇರುವವರು ಇಲ್ಲಿ ನಿಂತು ಯೋಚಿಸಬೇಕು. ನಿಮ್ಮ ಮನೆಗೆ ಗೊತ್ತು ಮಾಡಿದ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಅಂದರೆ ಒಂದು ಹೀಟರ್ ತಾನೊಬ್ಬನೇ ನಿಮ್ಮನ್ನು ಆ ಗೆರೆ ದಾಟಿಸಬಲ್ಲದು.

ಕೋಣೆ ಬೆಚ್ಚಗಾಗಬೇಕಾ? ತಲೆ ಎತ್ತಿ ನೋಡಿ

ನಾನು ಯಾವ ಮನೆಗೆ ಹೋದರೂ ಮೊದಲು ನೋಡುವುದು ಮಾಡು, ಅಂದರೆ ಸೂರು. ಹೆಂಚಿನ ಮಾಡಿಗೆ ಕೆಳಗೆ ಏನೂ ಇಲ್ಲದಿದ್ದರೆ, ಮಲಗಿದಲ್ಲಿಂದ ಹೆಂಚಿನ ಸಂದಿಯ ಬೆಳಕು ಕಾಣುತ್ತಿದ್ದರೆ, ಆ ಕೋಣೆಯ ಗಾಳಿಯನ್ನು ಬಿಸಿ ಮಾಡುವ ಯಾವ ಯಂತ್ರವನ್ನೂ ತರಬೇಡಿ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ನೀವು ದುಡ್ಡು ಕೊಟ್ಟು ಮಾಡಿನ ಮೇಲೆ ಕೂತ ಗುಬ್ಬಿಗೆ ಚಳಿ ಬಿಡಿಸುತ್ತಿದ್ದೀರಿ. ನಂಬಿಕೆ ಬರದಿದ್ದರೆ ಒಂದು ಊದುಬತ್ತಿ ಹಚ್ಚಿ ಕೋಣೆಯ ಮಧ್ಯ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೆ ಹೋಗಿ ಪಕಾಸಿನ ಹತ್ತಿರ ಥಟ್ಟನೆ ಒಂದು ಕಡೆಗೆ ಎಳೆದುಕೊಂಡು ಮಾಯವಾಗುತ್ತದೆ. ಬಾಗಿಲ ಕೆಳಗೆ, ಕಿಟಕಿಯ ಚೌಕಟ್ಟಿನ ಪಕ್ಕ ಹಿಡಿದರೆ ಒಳಗೆ ಬರುವ ಗಾಳಿಯ ದಾರಿಯೂ ಗೊತ್ತಾಗುತ್ತದೆ. ಎರಡು ರೂಪಾಯಿ ಖರ್ಚಿನ ಪರೀಕ್ಷೆ ಇದು. ನಾನು ಇದನ್ನು ಮಾಡದೆ ಯಾರಿಗೂ ಹೀಟರ್ ಹೇಳುವುದಿಲ್ಲ.

ಇಂಥ ಮನೆಗೆ ಸರಿಹೋಗುವುದು ಕೆಂಪಗೆ ಉರಿಯುವ ರಾಡ್ ಅಥವಾ ಕ್ವಾರ್ಟ್ಜ್, ಹ್ಯಾಲೋಜನ್ ಹೀಟರು. ಇವುಗಳ ಶಾಖ ಕಿರಣವಾಗಿ ಬರುತ್ತದೆ. ಗಾಳಿಯನ್ನು ಬಿಟ್ಟು ನೇರ ಮೈಗೆ ತಾಗುತ್ತದೆ. ಹೊಡಸಲಿನ ಬೆಂಕಿಯ ಎದುರು ಕೂತ ಹಾಗೆ ಮುಂದೆ ಬಿಸಿ, ಬೆನ್ನು ತಣ್ಣಗೆ. ಓದುವ ಮಗುವಿನ ಕಾಲ ಹತ್ತಿರ, ಅಜ್ಜನ ಕುರ್ಚಿಯ ಎದುರು 800 ವ್ಯಾಟಿನದು ಸಾಕು. ಹಾಸಿಗೆ, ಪರದೆ, ಪಂಚೆಯಿಂದ ಒಂದು ಮೀಟರ್ ದೂರ ಇರಲಿ. ರಾತ್ರಿ ಹಚ್ಚಿಟ್ಟು ಮಲಗುವ ವಸ್ತು ಇದಲ್ಲ.

ಮುಚ್ಚಿಗೆ ಇರುವ ಕೋಣೆ ಇದ್ದವರು ಪುಣ್ಯವಂತರು. ಹಲಗೆ, ಅದರ ಮೇಲೆ ಮಣ್ಣಿನ ಪದರ. ಇವತ್ತು ಪೇಟೆಯಲ್ಲಿ ಇನ್ಸುಲೇಶನ್ ಅಂತ ಮಾರುವುದು ಇದನ್ನೇ. ಮುಚ್ಚಿಗೆ ಕೋಣೆಯಲ್ಲಿ ನಾಲ್ಕು ಜನ ಮಲಗಿದರೆ ಅವರ ಮೈಶಾಖಕ್ಕೇ ಬೆಳಗಿನ ಹೊತ್ತಿಗೆ ಒಂದೆರಡು ಡಿಗ್ರಿ ಏರಿರುತ್ತದೆ. ಮನೆ ರಿಪೇರಿ ಮಾಡಿಸುವಾಗ "ಇಲಿ ಕಾಟ" ಅಂತ ಮುಚ್ಚಿಗೆ ಕೀಳಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇಲಿಗೆ ಬೋನು ಇಡಿ, ಮುಚ್ಚಿಗೆ ಕೀಳಬೇಡಿ.

ಮುಚ್ಚಿಗೆ ಇಲ್ಲದವರು ಹೀಟರಿನ ದುಡ್ಡನ್ನು ಮೊದಲು ಮಾಡಿಗೆ ಹಾಕಿ. ಮಲಗುವ ಒಂದು ಕೋಣೆಗೆ ಮಾತ್ರ ಹಲಗೆ, ಪಿವಿಸಿ ಪ್ಯಾನೆಲ್ ಅಥವಾ ಬಿದಿರಿನ ಪ್ಲೈ ಸೀಲಿಂಗ್ ಹಾಕಿಸಿದರೂ ಸಾಕು. ಜಿಪ್ಸಂ ಬೋರ್ಡು ಬೇಡ. ನಮ್ಮ ತೇವಕ್ಕೆ ಅದು ಉಬ್ಬಿ ಜೋಲುತ್ತದೆ.

ತಾರಸಿ ಮನೆಗೆ, ಬಾಗಿಲು ಕಿಟಕಿ ಸರಿಯಾಗಿ ಮುಚ್ಚುವ ಕೋಣೆಗೆ ಎಣ್ಣೆಯ ರೇಡಿಯೇಟರ್ ಚೆನ್ನಾಗಿ ಹೊಂದುತ್ತದೆ. ಒಳಗಿನ ಎಣ್ಣೆ ಖಾಲಿಯಾಗುವುದಿಲ್ಲ, ತುಂಬಿಸುವುದೂ ಬೇಡ. ನಿಧಾನ ಬಿಸಿಯಾಗಿ ನಿಧಾನ ಆರುತ್ತದೆ. ಥರ್ಮೋಸ್ಟಾಟ್ ಆಗಾಗ ಕಟ್ ಮಾಡುವುದರಿಂದ ಮುಚ್ಚಿದ ಕೋಣೆಯಲ್ಲಿ ಬಿಲ್ಲು ಹೆದರಿದಷ್ಟು ಬರುವುದಿಲ್ಲ. ಹೆಂಚಿನ ಕೋಣೆಯಲ್ಲಿ ಅದೇ ಥರ್ಮೋಸ್ಟಾಟ್ ಕಟ್ ಆಗುವುದೇ ಇಲ್ಲ, ನೆನಪಿರಲಿ. ಬ್ಲೋವರ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೇಗ ಬಿಸಿ, ಬೇಗ ತಣ್ಣಗೆ, ಗಲಾಟೆ. ಮಗುವಿಗೆ ಸ್ನಾನ ಮಾಡಿಸಿ ಒರೆಸುವ ಹತ್ತು ನಿಮಿಷಕ್ಕೆ ಸರಿ.

ಇನ್ನೊಂದು ದಾರಿ ಬಿಸಿ-ತಂಪು ಎರಡೂ ಕೊಡುವ ಎಸಿ. ಇದು ಕಾಯಿಲ್ ಅಲ್ಲ, ಹೀಟ್ ಪಂಪು. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಒಳಗೆ ಹಾಕುತ್ತದೆ. ಹಾಗಾಗಿ 1 ಯೂನಿಟ್ ಕರೆಂಟಿಗೆ ಮೂರು ಯೂನಿಟಿನಷ್ಟು ಶಾಖ ಬರುತ್ತದೆ. ಹಿಮ ಬೀಳುವ ಊರಲ್ಲಿ ಹೊರಗಿನ ಯಂತ್ರದ ಮೇಲೆ ಮಂಜುಗಡ್ಡೆ ಕಟ್ಟಿ ತೊಂದರೆ ಕೊಡುತ್ತದೆ. ನಮ್ಮಲ್ಲಿ ಆ ರಗಳೆ ಇಲ್ಲ. ಬೇಸಿಗೆಗೆ ಹೇಗೂ ಎಸಿ ಹಾಕಿಸುತ್ತೇವೆ ಅನ್ನುವ ಶಿವಮೊಗ್ಗ, ಭದ್ರಾವತಿ ಕಡೆಯವರು ಸ್ವಲ್ಪ ಜಾಸ್ತಿ ಕೊಟ್ಟು ಈ ಮಾಡೆಲ್ಲನ್ನೇ ತಗೊಳ್ಳಿ.

ಹೊರದೇಶದ ಪದ್ಧತಿ ಇಲ್ಲಿಗೆ ಯಾಕೆ ಒಗ್ಗುವುದಿಲ್ಲ

ಮಗ ಜರ್ಮನಿಯಲ್ಲಿ, ಮಗಳು ಅಮೆರಿಕದಲ್ಲಿ ಇರುವ ಮನೆಗಳು ಈಗ ಪ್ರತಿ ಊರಲ್ಲೂ ಇವೆ. ಅವರು ರಜೆಗೆ ಬಂದಾಗ "ನಮ್ಮಲ್ಲಿ ಸೆಂಟ್ರಲ್ ಹೀಟಿಂಗ್ ಇರುತ್ತೆ, ಇಲ್ಲೂ ಹಾಕ್ಸೋಣ" ಅನ್ನುತ್ತಾರೆ. ಯುರೋಪಿನ ಮನೆಯಲ್ಲಿ ಬಾಯ್ಲರ್ ನೀರು ಕಾಯಿಸಿ ಗೋಡೆಯ ರೇಡಿಯೇಟರುಗಳಿಗೆ ಕಳಿಸುತ್ತದೆ. ಅಮೆರಿಕದಲ್ಲಿ ಫರ್ನೇಸು ಗಾಳಿ ಬಿಸಿ ಮಾಡಿ ಡಕ್ಟಿನಲ್ಲಿ ಊದುತ್ತದೆ. ಕೊರಿಯಾದ ಹಳೆ ಮನೆಗಳಲ್ಲಿ ಒಲೆಯ ಹೊಗೆ ನೆಲದ ಅಡಿಯಿಂದ ಹಾಯುತ್ತಿತ್ತು. ಕಾಶ್ಮೀರದ ಹಮಾಮಿನಲ್ಲೂ ಕಲ್ಲಿನ ನೆಲದ ಕೆಳಗೆ ಬೆಂಕಿ. ಎಲ್ಲ ಒಳ್ಳೆಯ ವಿದ್ಯೆಯೇ. ಆದರೆ ಅಲ್ಲಿ ತಿಂಗಳುಗಟ್ಟಲೆ ಹಗಲೂ ರಾತ್ರಿ ಚಳಿ, ಮನೆ ಪೆಟ್ಟಿಗೆಯಂತೆ ಮುಚ್ಚಿರುತ್ತದೆ. ನಮಗೆ ಬೇಕಿರುವುದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ನೆಲದೊಳಗೆ ಪೈಪ್ ಹಾಕಿದರೆ ಆ ನೆಲ ಬಿಸಿಯಾಗುವುದಕ್ಕೇ ಕೆಲವು ಗಂಟೆ ಬೇಕು. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ.

ಹೋಮ್‌ಸ್ಟೇಗಳಲ್ಲಿ ಈಗ ಗೋಡೆಯೊಳಗಿನ ತೆರೆದ ಬೆಂಕಿಗೂಡಿನ ಹುಚ್ಚು. ಫೋಟೋಗೆ ಚೆನ್ನ. ಆದರೆ ತೆರೆದ ಬೆಂಕಿಗೂಡು ಕೋಣೆಯ ಗಾಳಿಯನ್ನೇ ಎಳೆದು ಚಿಮಣಿಯಲ್ಲಿ ಹೊರಗೆ ಕಳಿಸುತ್ತದೆ. ಶಾಖದ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಕಟ್ಟಿಗೆಯಿಂದಲೇ ಕೋಣೆ ಕಾಯಿಸಬೇಕು ಅಂತಿದ್ದರೆ ಹಿಮಾಚಲದ ಕಡೆ ಇಡುವಂಥ ಬಾಗಿಲಿರುವ ಕಬ್ಬಿಣದ ಒಲೆ, ಬುಖಾರಿ, ಹಾಕಿಸಿ. ಅರ್ಧ ಸೌದೆಯಲ್ಲಿ ಕೆಲಸ ಮುಗಿಯುತ್ತದೆ.

ಮನುಷ್ಯ ಬೆಚ್ಚಗಾದರೆ ಸಾಕು ಅನ್ನುವವರಿಗೆ

ವಯಸ್ಸಾದವರು ರಾತ್ರಿ ಚಳಿ ಅನ್ನುತ್ತಾರೆ ಅಂತ ರೂಮ್ ಹೀಟರ್ ಕೇಳಿಕೊಂಡು ಬಂದರೆ ನಾನು ಕಳಿಸುವುದು ಎಲೆಕ್ಟ್ರಿಕ್ ಬ್ಲಾಂಕೆಟ್ ಕಡೆಗೆ. 60 ರಿಂದ 100 ವ್ಯಾಟ್, ಒಂದು ಫ್ಯಾನಿನಷ್ಟು. ಇಡೀ ರಾತ್ರಿ ಹಾಕಿದರೂ ಒಂದು ಯೂನಿಟ್ ಆಗುವುದು ಕಷ್ಟ. ಮಳೆಗಾಳಿಗೆ ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಮೇಲೂ ಓಡುತ್ತದೆ. ಅದೇ ಇನ್ವರ್ಟರಿಗೆ ರೂಮ್ ಹೀಟರ್ ಹಾಕಿದರೆ ಕಿರ್ರ್ ಅಂತ ಕೂಗಿ ನಿಲ್ಲುತ್ತದೆ. ಮಲಗುವ ಅರ್ಧ ಗಂಟೆ ಮುಂಚೆ ಹಾಕಿ ಹಾಸಿಗೆಯ ತೇವ ಓಡಿಸಿ, ಮಲಗುವಾಗ ಕಮ್ಮಿ ಮಾಡಿ. ಮಡಿಚಿ ಹಾಕಬೇಡಿ, ಒಳಗಿನ ತಂತಿ ಮುರಿಯುತ್ತದೆ. ಹಾಸಿಗೆಯಲ್ಲಿ ಮೂತ್ರ ಮಾಡುವ ಮಕ್ಕಳಿಗೆ, ಬಿಸಿ ಗೊತ್ತಾಗದ ಕಾಲಿನ ಸಕ್ಕರೆ ಕಾಯಿಲೆಯವರಿಗೆ ಬೇಡ. ಅವರಿಗೆ ಬಟ್ಟೆ ಸುತ್ತಿದ ರಬ್ಬರಿನ ಬಿಸಿನೀರಿನ ಚೀಲವನ್ನು ಹಾಸಿಗೆಗೆ ಹಾಕಿ, ಮಲಗುವ ಮುಂಚೆ ತೆಗೆದುಬಿಡಿ.

ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಕೋಣೆಗೆ ತರಬೇಡಿ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಹಳೆಯ ಹೆಂಚಿನ ಮನೆ ಸಂದಿಯಿಂದ ಉಸಿರಾಡುತ್ತಿತ್ತು, ಹಾಗಾಗಿ ನಡೆಯಿತು. ತಾರಸಿ ಮನೆಯಲ್ಲಿ ನಡೆಯುವುದಿಲ್ಲ.

ತೇವ ಓಡಿಸುವುದೂ ಒಂದು ಬಗೆಯ ಕಾಯಿಸುವಿಕೆ

ಜುಲೈ ತಿಂಗಳ ತೊಂದರೆಗೆ ನನ್ನ ಮೊದಲ ಆಯ್ಕೆ ಡಿಹ್ಯೂಮಿಡಿಫೈಯರ್. ಗಾಳಿಯ ನೀರನ್ನು ಹಿಡಿದು ಡಬ್ಬಿಗೆ ಇಳಿಸುವ ಯಂತ್ರ. ಅಂಗಡಿಯವರು ಇದನ್ನ ಹೀಟರ್ ಅಂತ ಮಾರುವುದಿಲ್ಲ, ಆದರೆ ಇದು ಹೀಟರೇ. ಆವಿ ನೀರಾಗುವಾಗ ಲೀಟರಿಗೆ ಮುಕ್ಕಾಲು ಯೂನಿಟಿಗಿಂತ ಸ್ವಲ್ಪ ಕಮ್ಮಿ ಶಾಖ ಬಿಡುತ್ತದೆ. 250 ವ್ಯಾಟಿನ ಯಂತ್ರ ಹನ್ನೆರಡು ಗಂಟೆ ಓಡಿದರೆ 3 ಯೂನಿಟ್. ಅಷ್ಟರಲ್ಲಿ 5 ಲೀಟರ್ ನೀರು ಹಿಡಿದಿದ್ದರೆ ಸುಮಾರು 3.5 ಯೂನಿಟಿನ ಶಾಖ ಬಿಟ್ಟಿ ಬಂದ ಹಾಗೆ. ಕೋಣೆ ಒಣಗುತ್ತದೆ, ಬೆಚ್ಚಗೂ ಆಗುತ್ತದೆ, ಹಗ್ಗಕ್ಕೆ ಹಾಕಿದ ಬಟ್ಟೆಯೂ ಒಣಗುತ್ತದೆ. ಷರತ್ತು ಒಂದೇ: ಮುಚ್ಚಿದ ಕೋಣೆ, ಮೇಲೆ ಸೀಲಿಂಗ್. ಹೆಂಚಿನ ಜಗಲಿಯಲ್ಲಿ ಇಟ್ಟರೆ ಇಡೀ ಸಹ್ಯಾದ್ರಿಯ ಮೋಡ ಹಿಂಡುತ್ತಾ ಕೂರುತ್ತದೆ.

ಇದರ ಉಲ್ಟಾ ಕೆಲಸ ಮಾಡುವುದು ಸಿಲಿಂಡರಿಗೆ ಜೋಡಿಸುವ ಗ್ಯಾಸ್ ರೂಮ್ ಹೀಟರು. 1 ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಕೋಣೆಗೇ ಸೇರುತ್ತದೆ. ಬೂಷ್ಟು ಹಿಡಿದ ಮನೆಗೆ ದುಡ್ಡು ಕೊಟ್ಟು ನೀರು ಹೊಯ್ಯುವುದು ಯಾಕೆ? ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಸ್ನಾನದ ನೀರು

ನಮ್ಮ ಮನೆಗಳಲ್ಲಿ ಶಾಖದ ದೊಡ್ಡ ಖರ್ಚು ಇದೇ. ಮಳೆಗಾಲದಲ್ಲಿ ತೋಟದಿಂದ ನೆಂದು ಬಂದವರಿಗೆ ಎರಡು ಹೊತ್ತೂ ಬಿಸಿನೀರು ಬೇಕು. ಹೋಲಿಸಲು ಒಂದು ಅಳತೆ ಇಟ್ಟುಕೊಳ್ಳೋಣ: 100 ಲೀಟರ್ ನೀರನ್ನು 25 ಡಿಗ್ರಿ ಏರಿಸುವುದು. ಅದಕ್ಕೆ ಹೆಚ್ಚು ಕಮ್ಮಿ 3 ಯೂನಿಟ್ ಶಾಖ ಬೇಕು.

ಬಚ್ಚಲೊಲೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಮೇಲೆ ಹೇಳಿದ ನಾಲ್ಕರಲ್ಲಿ ಮೂರು ಕೆಲಸವನ್ನು ಒಂದೇ ಬೆಂಕಿಯಲ್ಲಿ ಮಾಡುವುದು ಇದೊಂದೇ. ನೀರು ಕಾಯುತ್ತದೆ. ಎದುರಿಗೆ ಕುಕ್ಕುರುಗಾಲಲ್ಲಿ ಕೂತವರ ಮೈ ಕಾಯುತ್ತದೆ. ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುತ್ತದೆ. ಅಟ್ಟದ ಮೇಲಿನ ಬುಟ್ಟಿ, ಬೀಜ, ಮುರುಗಲ ಸಿಪ್ಪೆ ಹುಳ ಹಿಡಿಯದೆ ಉಳಿಯುತ್ತವೆ. ಉರಿಯುವುದು ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಮಟ್ಟೆ, ಅಂದರೆ ತೋಟದ ಕಸ. ಗ್ಯಾಸು, ಸೋಲಾರು ಎರಡೂ ಇರುವ ಮನೆಯಲ್ಲೂ ಇದು ಉಳಿದುಕೊಂಡಿರುವುದು ಇದಕ್ಕೇ. ಬರೀ ಹಳೆಯ ಅಭಿಮಾನಕ್ಕಲ್ಲ.

ಆದರೆ ಹಳೆಯ ಬಚ್ಚಲೊಲೆ ಸೌದೆ ತಿನ್ನುತ್ತದೆ. ಒಣ ಸೌದೆಯಲ್ಲಿ ಕೆಜಿಗೆ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಬಾಯಿ ತೆರೆದ ಒಲೆಯಲ್ಲಿ ಅದರ ಆರನೇ ಒಂದು ಪಾಲು ನೀರಿಗೆ ಸೇರಿದರೆ ಹೆಚ್ಚು. ಹಾಗಾಗಿ ನಮ್ಮ 100 ಲೀಟರಿಗೆ ಐದು ಕೆಜಿ ಸೌದೆ. ಒಲೆ ಸರಿ ಮಾಡಿದರೆ ಅರ್ಧಕ್ಕೆ ಇಳಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡದವರ ಒಲೆ ನೋಡಿದವರಿಗೆ ಇದರ ಗುಟ್ಟು ಗೊತ್ತು. ಬೆಂಕಿಯನ್ನು ಮುಚ್ಚಬೇಕು, ಕೆಳಗಿನಿಂದ ಗಾಳಿ ಕೊಡಬೇಕು, ಹೊಗೆಯನ್ನು ಚಿಮಣಿಗೆ ದಾಟಿಸಬೇಕು.

ಹಂಡೆಯ ಒಲೆಗೆ ನಾನು ಮಾಡಿಸುವುದು ಹೀಗೆ. ಹಂಡೆಯ ತಳದ ಕೆಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿಗುಂಡಿ. ಸೌದೆ ಜಾಲರಿಯ ಮೇಲೆ, ಗಾಳಿ ಬೂದಿಗುಂಡಿಯಿಂದ. ಹಂಡೆಯ ಸುತ್ತ ಮಣ್ಣಿನ ಗೋಡೆಗೂ ತಾಮ್ರಕ್ಕೂ ನಡುವೆ ಎರಡು ಬೆರಳಿನ ಸಂದಿ. ಉರಿ ತಳಕ್ಕೆ ಬಡಿದು ಆ ಸಂದಿಯಲ್ಲಿ ಹಂಡೆಯನ್ನು ತಬ್ಬಿಕೊಂಡು ಒಂದು ಸುತ್ತು ಬಂದು ಆಮೇಲೆ ಚಿಮಣಿಗೆ ಹೋಗಬೇಕು. ಸಂದಿ ಜಾಸ್ತಿ ಆದರೆ ಉರಿ ಸುಮ್ನೆ ಮೇಲೆ ಹೋಗುತ್ತದೆ, ಕಮ್ಮಿ ಆದರೆ ಮಸಿ ಕಟ್ಟಿ ಹೊಗೆ ಬಚ್ಚಲಿಗೇ ತಿರುಗುತ್ತದೆ. ಸೌದೆ ಬಾಯಿಗೆ ತಗಡಿನ ಬಾಗಿಲು. ಚಿಮಣಿ ಮಾಡಿನ ನೆತ್ತಿಗಿಂತ ಎತ್ತರ ಇರಲಿ, ಇಲ್ಲದಿದ್ದರೆ ಮಳೆಗಾಳಿ ಹೊಗೆಯನ್ನು ಒಳಗೆ ತಳ್ಳುತ್ತದೆ. ರಾತ್ರಿ ಬೆಂಕಿ ಪೂರ್ತಿ ಆರಿ ಕೆಂಡವೂ ಬೂದಿಯಾದ ಮೇಲೆ ಹೊಗೆಯ ದಾರಿಗೆ ಹೆಂಚಿನ ಚೂರು ಅಡ್ಡ ಇಟ್ಟರೆ ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೂ ಹಂಡೆ ಬೆಚ್ಚಗಿರುತ್ತದೆ.

ಸೌದೆ ಒಣಗಿರಬೇಕು. ಹಸಿ ಕಟ್ಟಿಗೆಯಲ್ಲಿ ತೂಕದ ಅರ್ಧ ನೀರೇ ಇರುತ್ತದೆ, ಬೆಂಕಿ ಮೊದಲು ಅದನ್ನು ಕುದಿಸಬೇಕು. ಕಾಡಿನಿಂದ ದರಗು, ಸೌದೆ ತರುವವರು ಇನ್ನೊಂದು ನೆನಪಿಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಹುಳದಿಂದ (ಉಣುಗು) ಹರಡುತ್ತದೆ, ಬೇಸಿಗೆ ತಿಂಗಳುಗಳಲ್ಲೇ ಜಾಸ್ತಿ. ಆ ಹೊತ್ತಿನಲ್ಲಿ ಕಾಡಿಗೆ ಹೋಗುವ ಬದಲು ತೋಟದ ಸಿಪ್ಪೆ ಸೋಗೆಯನ್ನೇ ಒಟ್ಟಿಟ್ಟುಕೊಳ್ಳಿ. ಹೋಗಲೇಬೇಕಿದ್ದರೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ.

ಗೀಸರ್. 15 ಲೀಟರಿನ ಸ್ಟೋರೇಜ್ ಗೀಸರ್, 2,000 ವ್ಯಾಟ್. 20 ಡಿಗ್ರಿಯ ನೀರು 60ಕ್ಕೆ ಏರಲು ಇಪ್ಪತ್ತೊಂದು ನಿಮಿಷ, 180 ವೋಲ್ಟಿನಲ್ಲಿ ಅರ್ಧ ಗಂಟೆ ಮೀರುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಮೆದು, ಸ್ವಲ್ಪ ಹುಳಿ ಗುಣ. ಬಯಲುಸೀಮೆಯವರಿಗೆ ಗೀಸರ್ ಒಳಗೆ ಸುಣ್ಣ ಕಟ್ಟುವ ಚಿಂತೆ, ನಮಗೆ ಟ್ಯಾಂಕಿಗೆ ತುಕ್ಕು ಹಿಡಿಯುವ ಚಿಂತೆ. ಗಾಜಿನ ಲೇಪ ಇರುವ ಟ್ಯಾಂಕ್ ತಗೊಳ್ಳಿ. ಒಳಗೆ ಒಂದು ಮೆಗ್ನೀಸಿಯಂ ಸರಳು ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆದು ಹೋಗುವುದೇ ಅದರ ಕೆಲಸ. ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಹೊಸದರಲ್ಲಿ ಹೆಬ್ಬೆರಳ ದಪ್ಪ ಇದ್ದದ್ದು ಕಡ್ಡಿಯಾಗಿ, ಮಧ್ಯದ ಕಬ್ಬಿಣದ ತಂತಿ ಕಾಣುತ್ತಿದ್ದರೆ ಬದಲಾಯಿಸುವ ಹೊತ್ತು ದಾಟಿದೆ ಅಂತ ಅರ್ಥ. ಸರಳಿಗೆ ಕೆಲವು ನೂರು, ಟ್ಯಾಂಕಿಗೆ ಸಾವಿರಾರು.

ಬಕೆಟಿನ ರಾಡ್ ಬಗ್ಗೆ ಒಂದೇ ಮಾತು: ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಟಿ.

ಗ್ಯಾಸ್ ಗೀಸರ್ ಎರಡು ದೊಡ್ಡ ಸೆಲ್ಲಿನಲ್ಲಿ ಹತ್ತಿಕೊಳ್ಳುತ್ತದೆ, ಕರೆಂಟ್ ಬೇಡ. ಮಳೆಗಾಲಕ್ಕೆ ಇದು ದೊಡ್ಡ ಅನುಕೂಲ. 14.2 ಕೆಜಿಯ ಸಿಲಿಂಡರಿನಲ್ಲಿ ನಮ್ಮ 100 ಲೀಟರಿನ ಅಳತೆ ಸುಮಾರು 50 ಸಲ ಕಾಯುತ್ತದೆ. ಆದರೆ ಯಂತ್ರ ಬಚ್ಚಲ ಒಳಗೆ ಬೇಡವೇ ಬೇಡ. ಸಣ್ಣ ಬಾತ್‌ರೂಮು, ಮುಚ್ಚಿದ ಕಿಟಕಿ, ಮತ್ತೆ ಅದೇ ಕಾರ್ಬನ್ ಮೊನಾಕ್ಸೈಡ್. ಹೊರಗಿನ ಜಗಲಿ ಗೋಡೆಗೆ, ಇರಚಲು ಬಡಿಯದ ಕಡೆ ಕೂರಿಸಿ ಪೈಪ್ ಮಾತ್ರ ಒಳಗೆ ತನ್ನಿ. "ಒಳಗೇ ಹಾಕಿ, ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ" ಅಂದ ಮನೆಯ ಕೆಲಸ ಬಿಟ್ಟು ಬಂದಿದ್ದೇನೆ. ಕರೆಂಟ್ ಹೋದಾಗ ಆ ಫ್ಯಾನ್ ತಿರುಗುತ್ತದಾ? ಇನ್ನೊಂದು ವಿಷಯ: ನೀರಿನ ಒತ್ತಡ ಸಾಲದಿದ್ದರೆ ಇದು ಹತ್ತುವುದಿಲ್ಲ. ಟ್ಯಾಂಕ್ ತಳ ಗೀಸರಿಗಿಂತ ಎರಡೂವರೆ, ಮೂರು ಮೀಟರಾದರೂ ಮೇಲಿರಲಿ. ತಗ್ಗಿನ ಹೆಂಚಿನ ಮನೆಗಳಲ್ಲಿ ಬರುವ ಮುಖ್ಯ ದೂರು ಇದೇ.

ಸೋಲಾರ್. ಅಕ್ಟೋಬರಿನಿಂದ ಮೇ ತನಕ ಇದಕ್ಕೆ ಸಾಟಿ ಇಲ್ಲ. ಜೂನ್‌ನಿಂದ ಆಗಸ್ಟ್, ಅಂದರೆ ಬಿಸಿನೀರು ಜಾಸ್ತಿ ಬೇಕಾದ ಹೊತ್ತಿಗೆ, ಇದು ರಜೆ ಹಾಕುತ್ತದೆ. ಹಾಗಾಗಿ ಸೋಲಾರ್ ಒಂದನ್ನೇ ನಂಬಿ ಒಲೆ ಕೆಡವಬೇಡಿ. ಮೋಡದ ಬೆಳಕಿನಲ್ಲಿ ಗಾಜಿನ ಕೊಳವೆಯದು ಪ್ಲೇಟಿನದಕ್ಕಿಂತ ಸ್ವಲ್ಪ ಮೇಲು. ಆದರೆ ಮಂಗಗಳು ಬರುವ ಊರಾದರೆ ಪ್ಲೇಟೇ ಸರಿ. ಒಂದು ಗಡವ ಮಂಗ ಟ್ಯಾಂಕಿನ ಮೇಲಿಂದ ಹಾರಿದರೆ ಎರಡು ಕೊಳವೆ ಹೋಯಿತು. ಜಾಗ ನೋಡುವಾಗ ಏಪ್ರಿಲ್ ಬಿಸಿಲಿಗೆ ಮರುಳಾಗಬೇಡಿ, ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲಿ ಮಧ್ಯಾಹ್ನವೂ ದಕ್ಷಿಣಕ್ಕೆ ಸಾಕಷ್ಟು ಬಾಗಿರುತ್ತಾನೆ. ಮನೆಯ ದಕ್ಷಿಣಕ್ಕೆ ಅಡಿಕೆ ತೋಟ ಇದ್ದರೆ ಅದರ ನೆರಳು ಎಲ್ಲಿಗೆ ಬರುತ್ತದೆ ಅಂತ ಚಳಿಗಾಲದಲ್ಲೇ ಗುರುತು ಹಾಕಿಕೊಳ್ಳಿ.

ಇವೆಲ್ಲಕ್ಕಿಂತ ಹೊಸದು ಹೀಟ್ ಪಂಪ್ ಗೀಸರ್. ನಮ್ಮ 100 ಲೀಟರಿಗೆ 3 ಯೂನಿಟ್ ಬದಲು 1 ಯೂನಿಟ್ ಸುತ್ತಮುತ್ತ ಸಾಕು. ತೇವದ ಗಾಳಿ ಅಂದರೆ ಇದಕ್ಕೆ ಇಷ್ಟ, ಮೋಡ ಇದ್ದರೂ ಓಡುತ್ತದೆ. ಬೆಲೆ ಜಾಸ್ತಿ, ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಮಾಡುವವರು ಕಮ್ಮಿ. ದಿನಕ್ಕೆ ನೂರಾರು ಲೀಟರ್ ಬೇಕಾದ ಹೋಮ್‌ಸ್ಟೇ, ಹಾಸ್ಟೆಲ್ಲಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಮೂರು ಜನರ ಮನೆಗೆ ಹೇಳುವುದಿಲ್ಲ.

ತಂದ ಮೇಲೆ, ಚುಚ್ಚುವ ಮುಂಚೆ

2,000 ವ್ಯಾಟ್ ಅಂದರೆ 9 ಆಂಪಿಯರ್ ಹತ್ತಿರ. ಅದು 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹೋಗಬೇಕು. ಹಳೆ ಮನೆಗಳಲ್ಲಿ ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಓಡಿಸುತ್ತಾರೆ. ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಬೆರಳಲ್ಲಿ ಮುಟ್ಟಿ. ಮುಟ್ಟಲಾರದಷ್ಟು ಬಿಸಿ ಇದ್ದರೆ, ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಣಮೀನಿನಂಥ ವಾಸನೆ ಬಂದರೆ ಅವತ್ತೇ ನಿಲ್ಲಿಸಿ. ಒಳಗೆ ಸಡಿಲ ಜೋಡಣೆ ಸುಡುತ್ತಿದೆ.

ಹೀಟರಿಗೆ, ಗೀಸರಿಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 2.5 ಚದರ ಮಿಲಿಮೀಟರ್ ತಾಮ್ರದ ವೈರ್, 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದರೆ ಅಥವಾ ದೂರ ಜಾಸ್ತಿ ಇದ್ದರೆ 4. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್ಚು. ಒದ್ದೆ ಕೈ, ಒದ್ದೆ ನೆಲ ಇರುವ ಬಚ್ಚಲಲ್ಲಿ ಜೀವ ಉಳಿಸುವುದು ಇದು. ಅದರ ಮೇಲಿನ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಟಕ್ ಅಂತ ಬೀಳಬೇಕು. ಅರ್ಥಿಂಗ್ ಗುಂಡಿ ಮಳೆಗಾಲದಲ್ಲಿ ತಾನಾಗಿ ಸರಿಯಿರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿ ಕಲ್ಲಾಗುತ್ತದೆ, ಆಗ ವಾರಕ್ಕೆ ಎರಡು ಕೊಡ ನೀರು ಹಾಕಿ. ಆ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡುವುದನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಚಿಮಣಿಯ ಮಸಿ ತೆಗೆಸುವುದು, ಹಂಡೆ ಒಲೆಯ ಮಣ್ಣು ಮೆತ್ತಿಸುವುದು, ಸೀಲಿಂಗ್ ಕೆಲಸ, ಎಲ್ಲ ಮೇ ಮೊದಲ ವಾರದೊಳಗೆ ಮುಗಿಸಿಕೊಳ್ಳಿ. ಮಣ್ಣು ಒಣಗಲು ಬಿಸಿಲು ಬೇಕು. ಮೇಸ್ತ್ರಿಗಳು, ನನ್ನಂಥವರು ಕೈಗೆ ಸಿಗುವುದೂ ಆಗಲೇ. ಮಳೆ ಹಿಡಿದ ಮೇಲೆ ಎಲ್ಲರ ಮನೆಯ ಮೋಟಾರ್ ಒಟ್ಟಿಗೆ ಸುಡುತ್ತದೆ, ಆಗ ಫೋನ್ ಎತ್ತಲಿಲ್ಲ ಅಂತ ಬೈಯಬೇಡಿ.